ಹುಟ್ಟಿದ ಕೂಡಲೇ ಅತ್ತಳೇ?

ಫಾರಂನ ಎರಡನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು: ಹುಟ್ಟಿದ ಕೂಡಲೇ ಮಗು ಅತ್ತಿತೇ?

ಗದಗಿನ ಆಸ್ಪತ್ರೆಯೊಂದರ ಮೊದಲ ಮಹಡಿಯ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲಿನ ಬ್ಯಾಗನ್ನೇ ಮಣೆ ಮಾಡಿಕೊಂಡು, ನಾನು 'ಹೌದು' ಎಂಬುದರ ಮುಂದೆ ಗುರುತು ಹಾಕಿದೆ. ತಿಂಗಳು ತುಂಬಿತ್ತೇ? ತುಂಬಿತ್ತು. ಹೆರಿಗೆ ಕಷ್ಟವಾಯಿತೇ? ಇಲ್ಲ, ಬೇಗ ಆಯಿತು. ಕೈ ಎಲ್ಲೂ ತಡೆಯಲಿಲ್ಲ. ಐದನೆಯ ತರಗತಿಯ ನನ್ನ ಮಗಳು ಅಷ್ಟರಲ್ಲಿ ಕಿಟಕಿಯ ಸರಳು ಹಿಡಿದು ಹತ್ತಿ, ಇಳಿದು, ಕುಡಿಯುವ ನೀರಿನ ನಲ್ಲಿ ತಿರುವಿ, ಅದನ್ನು ಮುಚ್ಚುವುದು ಮರೆತು, ಯಾರೋ ಮುದುಕಿಯ ಪಕ್ಕ ಕುಳಿತು ಆಕೆಯ ಔಷಧದ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು.

ಪೆನ್ನಿಗೆ ಟೊಪ್ಪಿಗೆ ಹಾಕುವಾಗ ನೆನಪಾಯಿತು. ಅವಳು ಹುಟ್ಟಿದ ಮನೆಯಲ್ಲಿ ಆಗ ನಾನು ಇರಲೇ ಇಲ್ಲ.

ನೇರವಾಗಿ ಬರೆದುಬಿಡುತ್ತೇನೆ, ಸುತ್ತಿ ಬಳಸಿ ಹೊರಟರೆ ಧೈರ್ಯ ಸಾಲಲಿಕ್ಕಿಲ್ಲ. ಅವಳನ್ನು ಹೆತ್ತವಳು ನನ್ನ ಅಕ್ಕ. ನನಗೆ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅಡರಕಟ್ಟಿಗೆ ಕೊಟ್ಟಿದ್ದ ಅಕ್ಕನಿಗೆ ಮೂರು ಹೆಣ್ಣುಮಕ್ಕಳಿದ್ದರು, ನಾಲ್ಕನೆಯದು ಹೊಟ್ಟೆಯಲ್ಲಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ತಿರುಗಿಯೂ ನೋಡದೆ, ಈ ಸಲದ್ದು ನಿನಗೆ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು ಎದ್ದು ಹೋದಳು, ರೊಟ್ಟಿ ಕರಕಾಯಿತು. ಇದು ಅವಳ ಸ್ವಭಾವ. ಆ ದಿನ ಅವಳು ಆಡಿದ ಮಾತಿಗಿಂತ ಆ ರೊಟ್ಟಿಯ ಸುಟ್ಟ ವಾಸನೆಯೇ ನನಗೆ ಹೆಚ್ಚು ನೆನಪಿದೆ.

ಅಕ್ಕ ದಿನ ಎಣಿಸುವವಳಲ್ಲ. ಇನ್ನೂ ವಾರವಿದೆ ಎಂದುಕೊಂಡು ಲಕ್ಷ್ಮೇಶ್ವರದ ತವರಿಗೆ ಬಂದವಳಿಗೆ ಬಂದ ಮರುದಿನ ಬೆಳಿಗ್ಗೆಯೇ ನೋವು ಶುರುವಾಯಿತು. ಗಾಡಿ ಬರುವುದರೊಳಗೆ, ಓಣಿಯ ಸೂಲಗಿತ್ತಿ ಅಜ್ಜಿಯ ಕೈಯಲ್ಲಿ, ಒಳಕೋಣೆಯಲ್ಲೇ ಹೆರಿಗೆಯಾಯಿತು. ಖಬರು ಮುಟ್ಟಿ ನಾನು ಬೆಟಗೇರಿಯಿಂದ ಬಸ್ಸು ಹಿಡಿದು ಹೋಗುವ ಹೊತ್ತಿಗೆ ಕೂಸು ಮಿಂದು, ಹಳೆಯ ಧೋತರದ ತುಂಡಿನಲ್ಲಿ ಮಲಗಿತ್ತು.

ಐದು ದಿನದ ಮೇಲೆ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಉಡಿಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿ, ಅದರ ಮೇಲೆ ಅಕ್ಕನ ಕೈಯಿಂದ ಕೂಸನ್ನು ಇಡಿಸಿದಳು. ಊರಲ್ಲಿ ಎಲ್ಲರೂ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅವ್ವ ಹೇಳಿದ್ದು ಹೀಗೆ: ಉಡಿಗೆ ಹಾಕಿದ ಮೇಲೆ ಕೊಟ್ಟವಳು ತಿರುಗಿ ನೋಡದೆ ಹೊಸ್ತಿಲು ದಾಟಬೇಕು. ಇನ್ನು ಮುಂದೆ ಆ ಕೂಸಿನ ಜೊತೆಗೆ ಹೆತ್ತವಳ ಸುದ್ದಿ ಯಾರ ಬಾಯಲ್ಲೂ ಬರಬಾರದು. ಬಂದರೆ ಕೂಸು ಹಳೆಯ ಉಡಿಯನ್ನು ಹುಡುಕಿಕೊಂಡು ಹೊರಟುಬಿಡುತ್ತದೆ. ಹೊರಟುಬಿಡುತ್ತದೆ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಕೋಣೆಯಲ್ಲಿ ಇದ್ದವರು ಅವ್ವ, ಅಕ್ಕ, ಭಾವ, ನನ್ನ ಯಜಮಾನರು, ಮುಂಡರಗಿಯಿಂದ ಬಂದಿದ್ದ ನನ್ನ ಅತ್ತೆ, ಮತ್ತೆ ನಾನು. ಜನನದ ದಾಖಲೆಯಲ್ಲಿ ತಾಯಿ ತಂದೆಯೆಂದು ನನ್ನ ಮತ್ತು ಯಜಮಾನರ ಹೆಸರೇ ಇದೆ. ಅದು ಹೇಗೆ ಆಯಿತೆಂದು ಇಲ್ಲಿ ಬರೆಯುವುದಿಲ್ಲ. ತಪ್ಪು ಎಂದು ಆಗಲೂ ಗೊತ್ತಿತ್ತು.

ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದವಳು, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಾಯಿಮಾತಿನ ಸಾಕ್ಷ್ಯವನ್ನು ಹೇಗೆ ಒರೆಗೆ ಹಚ್ಚಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹಾಗಿದ್ದೂ ಹತ್ತು ವರ್ಷಗಳಲ್ಲಿ ನಾನೊಂದು ಹೆರಿಗೆಯನ್ನು ಕಟ್ಟಿಬಿಟ್ಟಿದ್ದೆ. ಕೂಸು ಬಂದ ಮೇಲೆ ಸೇರಿದ ಹೊಸ ಓಣಿಯ ನೆರೆಯವರ ಮುಂದೆ, ಹೊಸ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಯಾರದಾದರೂ ಸೀಮಂತದಲ್ಲಿ, ಹೆಂಗಸರು ತಮ್ಮ ತಮ್ಮ ಹೆರಿಗೆಯ ಕಥೆ ಹೇಳುವಾಗ ನಾನೂ ಹೇಳಬೇಕಾಗುತ್ತಿತ್ತು. ಮೊದಮೊದಲು ಅಕ್ಕನ ಕಥೆಯನ್ನು ಕದ್ದು ಹೇಳುತ್ತಿದ್ದೆ. ಆಮೇಲೆ ಕದ್ದೆ ಎಂಬುದೇ ಮರೆಯಿತು. ಒಳಕೋಣೆಯ ಗೋಡೆಯ ನಾಗಂದಿಗೆ ಹಲಗೆಯ ಮೇಲಿನ ಹಿತ್ತಾಳೆ ಚರಿಗೆಯನ್ನು ನೋಡುತ್ತಾ ಹಲ್ಲು ಕಚ್ಚಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಆ ಚರಿಗೆಯನ್ನು ನೋಡಿದವಳು ಅಕ್ಕ. ಆಸ್ಪತ್ರೆಯಿಂದ ಬಂದ ಸಂಜೆ ಆ ವರ್ಷದ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇದ್ದದ್ದು ಎರಡೇ ಮಾತು: ಲಕ್ಷ್ಮೇಶ್ವರಕ್ಕೆ ಹೋದೆ. ಕೂಸು.

ಅತ್ತಳೋ ಇಲ್ಲವೋ ಎಂಬುದು ಅದರಲ್ಲಿ ಇರಲಿಲ್ಲ.

ನಾವು ಆಸ್ಪತ್ರೆಗೆ ಹೋದದ್ದು ಹಮ್ಮಿಗಿಯಲ್ಲಿ ನಡೆದ ಒಂದು ಘಟನೆಯಿಂದ. ದೀಪಾವಳಿಯ ರಜೆಗೆ ಮುಂಡರಗಿಯ ಅತ್ತೆಯ ಮನೆಗೆ ಹೋದಾಗ ಒಂದು ದಿನ ತುಂಗಭದ್ರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ನಾನು ಬುತ್ತಿ ಬಿಚ್ಚುತ್ತಿದ್ದೆ. ನೀರಿನ ಹತ್ತಿರ ಹೋಗಬೇಡ ಎಂದು ಮೂರು ಸಲ ಹೇಳಿದ್ದೆ, ಮೂರು ಸಲವೂ ಮಗಳು ಹೂಂ ಅಂದಿದ್ದಳು. ತಲೆ ಎತ್ತಿದಾಗ ಅವಳು ಎದೆಮಟ್ಟದ ನೀರಿನಲ್ಲಿದ್ದಳು. ಒಂದು ಬೆಳ್ಳಕ್ಕಿಯ ಹಿಂದೆ ಹೋಗಿದ್ದಳಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಜಡೆ ಹಿಡಿದು ಎಳೆದು ತಂದಳು. ತಂದವಳು ಮಗಳಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ನೋಡಿ, "ಕಣ್ಣ ಎಲ್ಲಿ ಇಟ್ಟಿದ್ದಿ ಯವ್ವಾ, ಕೂಸು ನಿಂದ ಹೌದಲ್ಲೋ" ಎಂದಳು.

ಎಲ್ಲ ತಾಯಂದಿರಿಗೂ ಅನ್ನುವ ಮಾತು ಅದು. ನಾನು ಮಾತ್ರ ಆ ಒದ್ದೆ ಮೈಯನ್ನು ಸೆರಗಿನಿಂದ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಅದಕ್ಕಿಂತ ಮೊದಲು ಅವ್ವ ಶಿರಹಟ್ಟಿಯ ಮಠಕ್ಕೆ ಕರೆದುಕೊಂಡು ಹೋಗಿ ಮಗಳಿಗೆ ದಾರ ಕಟ್ಟಿಸಿದ್ದಳು. ವಾಪಸು ಬರುವ ಬಸ್ಸಿನಲ್ಲಿಯೇ ಮಗಳು ದಾರವನ್ನು ಬಿಚ್ಚಿ ಸೀಟಿನ ಸರಳಿಗೆ ಕಟ್ಟಿದ್ದಳು. ಶಾಲೆಯಿಂದ ದೂರು ಬರುವುದು ವಾಡಿಕೆಯಾಗಿತ್ತು. ಕೂತಲ್ಲಿ ಕೂರುವುದಿಲ್ಲ, ಲೆಕ್ಕ ಅರ್ಧ ಮಾಡಿ ಬಿಡುತ್ತಾಳೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾಳೆ, ಬೇರೆಯವರ ಮಾತಿನ ನಡುವೆ ಬಾಯಿ ಹಾಕುತ್ತಾಳೆ. ನನ್ನ ಭಯ ದೂರಿನದಲ್ಲ. ಎರಡೂ ಮನೆಯ ಹಿರಿಯರು ಸೇರಿದಾಗ ಯಾರಾದರೂ ಒಬ್ಬರು ಬಾಯಿ ತಪ್ಪಿ, ಥೇಟ್ ದೊಡ್ಡವ್ವ ಎಂದುಬಿಟ್ಟರೆ ಎಂಬುದೇ ನನ್ನ ಭಯ. ಏಕೆಂದರೆ ಥೇಟ್ ಅಕ್ಕನ ಹಾಗೆಯೇ ಇದ್ದಳು. ಒಂದು ಜಡೆ ಹೆಣೆದು ಇನ್ನೊಂದನ್ನು ಹಾಗೇ ಬಿಟ್ಟು ಓಡುವುದು, ನಗುವಾಗ ಪಕ್ಕದವರ ತೋಳಿಗೆ ಹೊಡೆಯುವುದು, ತನ್ನದನ್ನು ಯಾರು ಕೇಳಿದರೂ ಆ ಕ್ಷಣವೇ ಕೊಟ್ಟುಬಿಡುವುದು.

ಅಕ್ಕನಿಗೆ ಏನಾಯಿತು ಎಂಬುದು ನನಗೆ ಗೊತ್ತು. ಶಾಲೆಯಲ್ಲಿ ಮೊಣಕಾಲೂರಿಸಿ ಹೊರಗೆ ಕೂರಿಸುತ್ತಿದ್ದರು. ಏಳನೆಯ ತರಗತಿಗೆ ಬಿಡಿಸಿದರು. ನನಗಿಂತ ಚುರುಕಾಗಿದ್ದಳು ಎಂದು ಹೇಳಬೇಕೆನಿಸುತ್ತದೆ, ಅದು ನೆನಪೋ ಪಾಪಪ್ರಜ್ಞೆಯೋ ಹೇಳಲಾರೆ. ಅವಳ ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳಿವೆ. ಬಲಗೈಯ ತೋರುಬೆರಳಿನ ತುದಿ ಇಲ್ಲ, ಮೇವು ಕತ್ತರಿಸುವ ಯಂತ್ರದಲ್ಲಿ ಹೋಯಿತು, ಆ ಗಳಿಗೆಯಲ್ಲಿ ಯಾರೋ ಕರೆದರೆಂದು ತಿರುಗಿ ನೋಡಿದ್ದಳು. ಅವಳಿಗೆ ಲಕ್ಷ್ಯವಿಲ್ಲ ಎಂದು ಎಲ್ಲರೂ ಅನ್ನುತ್ತಾ ಬಂದರು. ಅದು ಒಂದು ಸ್ಥಿತಿ, ಅದಕ್ಕೊಂದು ಹೆಸರಿದೆ, ಅದು ರಕ್ತದಲ್ಲಿ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮಗಳು ಮಲಗಿದಾಗ ಅವಳ ಕೈಬೆರಳುಗಳನ್ನು ನಾನು ಒಂದೊಂದೇ ಹಿಡಿದು ನೋಡುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ನಿಧಾನ. ಮೂರು ಭೇಟಿಗಳ ಮೇಲೆ ಎಡಿಎಚ್‌ಡಿ ಎಂದರು. ಇದು ನಿಮ್ಮ ಸಾಕಣೆಯ ತಪ್ಪಲ್ಲ, ಮಗಳ ಹಟವೂ ಅಲ್ಲ ಎಂದರು. ಒಂದೇ ವಂಶವಾಹಿಯಿಂದ ಬರುವಂಥದಲ್ಲ, ಎಷ್ಟೋ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಆಗುವುದು. ಒಂದೊಂದೂ ತೀರ ಅಲ್ಪ, ಎಲ್ಲ ಕೂಡಿದಾಗ ಮಗುವಿನ ಸ್ವಭಾವವನ್ನು ಒಂದು ಕಡೆಗೆ ವಾಲಿಸುತ್ತವೆ. ಹೆಚ್ಚಾಗಿ ಮನೆತನದಲ್ಲಿ ಇದ್ದೇ ಇರುತ್ತದೆ, ನಿಮ್ಮಿಬ್ಬರಲ್ಲಿ ಯಾರು ಚಿಕ್ಕಂದಿನಲ್ಲಿ ಹೀಗಿದ್ದಿರಿ ಎಂದು ನಗುತ್ತಾ ಕೇಳಿದರು. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಜನ್ಮದಲ್ಲಿ ಒಂದು ಕೊಡೆ ಕಳೆದವರಲ್ಲ. ಅವರು ನನ್ನ ಮುಖ ನೋಡಿದರು. ನಾನೇ ಇರಬೇಕು ಎಂದೆ.

ಆಮೇಲೆ ಡಾಕ್ಟರು ಸಂಶೋಧನೆಯ ವಿಷಯ ತೆಗೆದರು. ಹೊರಗಿನ ಒಂದು ವಿಶ್ವವಿದ್ಯಾಲಯದವರು ನಮ್ಮ ಭಾಗದ ಕುಟುಂಬಗಳನ್ನು ಸೇರಿಸಿಕೊಂಡು ಇದರ ಆನುವಂಶಿಕತೆಯನ್ನೂ, ಇದರಿಂದ ಬದುಕಿನ ಮೇಲಾಗುವ ಪರಿಣಾಮವನ್ನೂ ಅಭ್ಯಾಸ ಮಾಡುತ್ತಿದ್ದಾರೆ, ಇಷ್ಟವಿದ್ದರೆ ನೀವೂ ಸೇರಬಹುದು, ಬಲವಂತವಿಲ್ಲ ಎಂದರು. ರಕ್ತ ಬೇಡ. ತಾಯಿ, ತಂದೆ, ಮಗು ಮೂವರೂ ಒಂದೊಂದು ಪ್ಲಾಸ್ಟಿಕ್ ನಳಿಕೆಯಲ್ಲಿ ಉಗುಳಿಕೊಟ್ಟರೆ ಸಾಕು. ಮೂವರದನ್ನೂ ಹೋಲಿಸಿದಾಗ ಮಗುವಿನಲ್ಲಿ ಯಾವುದು ಎಲ್ಲಿಂದ ಬಂತು ಎಂದು ತಿಳಿಯುತ್ತದೆ.

ಮೂರು ನಳಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮಗಳಿಗೆ ಅದು ಆಟವೆನಿಸಿತು, ತಾನೇ ಮೊದಲು ಎಂದಳು. ಒಪ್ಪಿಗೆ ಪತ್ರವನ್ನು ಪೂರ್ತಿ ಓದಬೇಕು, ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದು ನಾನು ಹೇಗೋ ತಪ್ಪಿಸಿಕೊಂಡೆ. ಓದಿದವಳು ಹಾಗೆ ಹೇಳಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಪತ್ರದ ಮೂರನೆಯ ಪುಟದಲ್ಲಿ ಒಂದು ವಾಕ್ಯವಿತ್ತು. ತಂದೆ ತಾಯಿಯ ಸಂಬಂಧದ ಬಗ್ಗೆ ಅನಿರೀಕ್ಷಿತವಾದುದೇನಾದರೂ ಕಂಡುಬಂದರೆ ಅದನ್ನು ಯಾರಿಗೂ ತಿಳಿಸುವುದಿಲ್ಲ ಎಂದು. ಧೈರ್ಯ ಕೊಡಲು ಬರೆದ ವಾಕ್ಯವದು. ನನಗೆ ಮಾತ್ರ ಯಾರೋ ಈಗಾಗಲೇ ನೋಡಿಬಿಟ್ಟಿದ್ದಾರೆ, ನೋಡಿ ಸುಮ್ಮನಿದ್ದಾರೆ ಎಂಬಂತೆ ಆಯಿತು.

ಯಜಮಾನರು ಬೇಡವೇ ಬೇಡ ಎಂದರು. ಸಂಶೋಧನೆ ಬಿಡು, ಮಾತ್ರೆ ಸಾಕು. "ಕಾಗದದಾಗ ಏನೈತಿ ಅದ ಖರೆ," ಎಂದರು. ಅವರದು ಯಾವಾಗಲೂ ಅಷ್ಟೇ, ಲೆಕ್ಕದ ಮೆಟ್ಟಿಲು ಸರಿಯಿದ್ದರೆ ಉತ್ತರವೂ ಸರಿ. ನಾನು ಒಪ್ಪಿಕೊಂಡೆ. ಸಂಶೋಧನೆಗೆ ಸೇರದಿದ್ದರೆ ಯಾರಿಗೇನು ನಷ್ಟ?

ಮಾತ್ರೆ ಬರೆದುಕೊಡುವ ಮೊದಲು ಡಾಕ್ಟರು ಕೆಲವು ಪ್ರಶ್ನೆ ಕೇಳಿದ್ದರು. ಅವುಗಳಲ್ಲಿ ಒಂದು: ಮನೆತನದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ, ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಯಜಮಾನರು ಮುಂಡರಗಿಯ ತಮ್ಮ ಮನೆತನವನ್ನೆಲ್ಲ ನೆನೆಸಿಕೊಂಡು ಇಲ್ಲ ಎಂದರು. ನಾನು ಲಕ್ಷ್ಮೇಶ್ವರದ ನಮ್ಮ ಮನೆಯನ್ನು ನೆನೆಸಿಕೊಂಡು ಇಲ್ಲ ಎಂದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಉಡಿಗೆ ಹಾಕಿಕೊಂಡ ಮೇಲೆ ಅವಳಿಗೆ ಇನ್ನೊಂದು ಮನೆತನವಿದೆ ಎಂಬುದು ನಮ್ಮ ತಲೆಯಲ್ಲೇ ಇರಲಿಲ್ಲ. ಮಾತ್ರೆ ಬರೆದುಕೊಟ್ಟರು. ಸೋಮವಾರದಿಂದ ಶುರು ಮಾಡಿ ಎಂದರು.

ಭಾನುವಾರ ಮಗಳು ಮಾಳಿಗೆಯ ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಬಂದು ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ಅವ್ವಾ, ಎದಿ ನೋಡ ಹೆಂಗ ಓಡಾಕ ಹತ್ತೈತಿ." ಓಡಿದ ಮಗುವಿನ ಎದೆ, ಓಡುವುದು ಸಹಜ. ಆದರೆ ನನ್ನ ಅಂಗೈ ಅವಳ ಎದೆಯ ಮೇಲಿದ್ದಾಗಲೇ ನನಗೆ ಅಡರಕಟ್ಟಿಯ ಒಂದು ಸಾವಿನ ಸುದ್ದಿ ನೆನಪಾಯಿತು.

ಭಾವನಿಗೆ ಒಬ್ಬ ತಮ್ಮನಿದ್ದ. ಅಕ್ಕನ ಮದುವೆಯಾದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಹೊಲದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವನು ನೀರು ಕುಡಿದು ಬದುವಿನ ಮೇಲೆ ಕುಳಿತನಂತೆ, ಮತ್ತೆ ಏಳಲಿಲ್ಲ. ಇಪ್ಪತ್ತೈದು ತುಂಬಿರಲಿಲ್ಲ. ಹಾವು ಎಂದರು ಕೆಲವರು. ಗಾಳಿ ಎಂದರು ಇನ್ನು ಕೆಲವರು. ನಾನು ಆಗ ಧಾರವಾಡದಲ್ಲಿದ್ದೆ, ಮಣ್ಣಿಗೂ ಹೋಗಿರಲಿಲ್ಲ. ಅಥವಾ ಅವನು ಭಾವನ ತಮ್ಮನೇ ಅಲ್ಲವೇ, ಕಾಕಾನ ಮಗನೇ? ಹೊಲದಲ್ಲೋ, ಮನೆಯಲ್ಲೋ? ಎಷ್ಟು ನೆನೆದರೂ ಅಂಚು ಸ್ಪಷ್ಟವಾಗಲಿಲ್ಲ. ಹತ್ತು ವರ್ಷದಲ್ಲಿ ಇಲ್ಲದ ಹೆರಿಗೆಯನ್ನು ಕಟ್ಟಿದ ತಲೆ, ಇಲ್ಲದ ಸಾವನ್ನೂ ಕಟ್ಟಿರಬಹುದು.

ಸೋಮವಾರ ಬೆಳಿಗ್ಗೆ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿದೆ. ಮಗಳು ಬಾಯಿ ತೆರೆದು ನಿಂತಿದ್ದಳು. ಕೊಡಲಾಗಲಿಲ್ಲ. ಚಿಕ್ಕದೊಂದು ಬೆಲ್ಲದ ಹರಳು ಅವಳ ನಾಲಿಗೆಯ ಮೇಲಿಟ್ಟು, ಮಾತ್ರೆಯನ್ನು ಸೀಮೆಸುಣ್ಣದ ಖಾಲಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಕೊಟ್ಟೆಯಾ ಎಂದು ಯಜಮಾನರು ಕೇಳಿದರು, ಹೂಂ ಎಂದೆ. ಹೀಗೆ ನಾಲ್ಕು ದಿನ. ಎರಡನೆಯ ದಿನ ಅವರು, ಸ್ವಲ್ಪ ಶಾಂತವಾಗಿದ್ದಾಳೆ ಅನಿಸುತ್ತದೆ ನೋಡು ಎಂದರು. ನನಗೂ ಹಾಗೆ ಕಂಡಿತು. ಕೊಡದ ಮಾತ್ರೆಯ ಗುಣ ನಮ್ಮಿಬ್ಬರಿಗೂ ಕಂಡಿತು ಎಂದಮೇಲೆ ನಾನು ಯಾವ ಕಣ್ಣನ್ನು ನಂಬಬೇಕು? ಡಬ್ಬಿಯಲ್ಲಿ ನಾಲ್ಕು ಮಾತ್ರೆಗಳಾದ ದಿನ ಕಾಲೇಜಿಗೆ ರಜೆ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಮೊದಲು ಅವ್ವನ ಹತ್ತಿರ ಹೋದೆ. ಒಬ್ಬಳೇ ಅಡರಕಟ್ಟಿಗೆ ಹೋಗುವ ಧೈರ್ಯವಿರಲಿಲ್ಲ. ಅವ್ವ ಸುಳಿವು ಹಿಡಿದೇ ಮುಖ ತಿರುಗಿಸಿದಳು. ಡಾಕ್ಟರಿಗೆ ಹೇಳಿದರೂ ಹೇಳಿದಂತೆಯೇ ಎಂಬುದು ಅವಳ ಮಾತು. ಹೇಳದೇ ಇದ್ದರೆ ಮಾತ್ರೆಯಿಂದ ಏನಾದರೂ ಆದೀತು ಎಂದೆ. ಮಾತ್ರೆಯನ್ನೇ ಕೊಡಬೇಡ, ಅಕ್ಕ ಮಾತ್ರೆ ತಿಂದು ಬೆಳೆದಳೇನು ಎಂದು ಅವ್ವ ಕೇಳಿದಳು. ಅಕ್ಕನ ಬೆರಳನ್ನು ನೆನಪಿಸಿದೆ. ಅವ್ವ, "ನೀ ಕಲತಾಕಿ. ನಿನಗ ನಂಬಿಕಿ ಇಲ್ಲ. ಆದರ ಏನರ ಆತಂದ್ರ ಆ ದಿನ ನಿನಗ ನಂಬಿಕಿ ಬರತೈತಿ ನೋಡ," ಎಂದಳು.

ಈ ಮಾತು ನನ್ನನ್ನು ಹಿಡಿದುಕೊಂಡಿತು. ಈಗಲೂ ಬಿಟ್ಟಿಲ್ಲ. ನಂಬುವುದಿಲ್ಲ ಎನ್ನುವುದು ಸುಲಭ, ನಂಬದೆ ಇರುವುದು ಬೇರೆ. ಹೇಳಿದರೆ ಕೂಸು ಹೊರಡುತ್ತದೆ, ಹೇಳದಿದ್ದರೆ ಎದೆ ನಿಲ್ಲುತ್ತದೆ. ಎರಡೂ ಭಯಗಳಲ್ಲಿ ಒಂದು ಹುಸಿ ಎಂದು ನನ್ನ ಓದು ಹೇಳುತ್ತಿತ್ತು. ಆದರೆ ಅಡರಕಟ್ಟಿಯ ಟಂಟಂ ಆಟೋದಲ್ಲಿ ಕುಳಿತಾಗ ಅದು ಯಾವುದೆಂದು ನನಗೆ ತಿಳಿದಿರಲಿಲ್ಲ.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವಿ ತೊಟ್ಟು ಬಿಡಿಸುತ್ತಿದ್ದಳು. ನಾನು ಕುಳಿತು ಮಾತು ಶುರು ಮಾಡುವುದರೊಳಗೆ ಎಮ್ಮೆಗೆ ಮೇವು ಹಾಕಲು ಎದ್ದಳು, ಅದನ್ನು ಅರ್ಧಕ್ಕೆ ಬಿಟ್ಟು ಚಹಾಕ್ಕೆ ಇಟ್ಟಳು, ಚಹಾ ಉಕ್ಕಿ ಒಲೆ ಆರಿತು, ನಗುತ್ತಾ ಬಂದು ನನ್ನ ತೋಳಿಗೆ ಹೊಡೆದು ಮತ್ತೆ ಕುಳಿತಳು. ನಾನು ಎಲ್ಲ ಹೇಳಿದೆ. ಮಗಳಿಗೆ ಇರುವುದು ಏನು, ಅದು ಹೇಗೆ ಬರುತ್ತದೆ, ಡಾಕ್ಟರು ಏನು ಕೇಳಿದರು, ನಾನೇನು ಬರೆದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೈ ತೊಟ್ಟು ಬಿಡಿಸುತ್ತಿತ್ತು, ಕಣ್ಣು ಬೀದಿಯ ಕಡೆಗಿತ್ತು.

"ಹಂಗಾರ ಆಕಿಗೆ ಇದ್ದದ್ದು ನಂದ," ಎಂದಳು.

"ಹಂಗಂತ ಅಂತಾರ."

"ನಂದಕ್ಕೂ ಒಂದ ಹೆಸರ ಐತಿ ಅಂದಂಗಾತು. ನಾ ಬರೇ ಹುಚ್ಚಿ ಅಂತ ತಿಳದಿದ್ದೆ." ನಕ್ಕಳು. ನಗು ಪೂರ್ತಿಯಾಗಲಿಲ್ಲ.

ಮೈದುನನ ವಿಷಯ ಕೇಳಿದೆ. ಖರೆ ಎಂದಳು. ಭಾವನ ಸ್ವಂತ ತಮ್ಮನೇ. ಹೊಲದಲ್ಲೇ, ನೀರು ಕುಡಿದ ಮೇಲೇ. ಹಾವಿನ ಗುರುತು ಮೈಮೇಲೆ ಎಲ್ಲೂ ಇರಲಿಲ್ಲ, ಮೈ ತೊಳೆದ ಹೆಂಗಸರು ನೋಡಿದ್ದರು. ಅದಕ್ಕೂ ಮೊದಲು ಎರಡು ಸಲ ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದನಂತೆ, ಅದು ಯಾರಿಗೂ ದೊಡ್ಡದೆನಿಸಿರಲಿಲ್ಲ.

ಆಗ, ಕೇಳಬಾರದು ಎಂದು ಹತ್ತು ವರ್ಷ ಅದುಮಿಟ್ಟದ್ದನ್ನೂ ಕೇಳಿಬಿಟ್ಟೆ. ಫಾರಂನ ಜೊತೆ ಕೊಟ್ಟಿದ್ದ ಹಾಳೆಯಲ್ಲಿ ಲಕ್ಷಣಗಳ ಪಟ್ಟಿ ಇತ್ತು. ಹಿಂದೆ ಮುಂದೆ ಯೋಚಿಸದೆ ಮಾಡುವುದು, ಆಮೇಲೆ ಮರುಗುವುದು ಎಂದಿತ್ತು. ಅದನ್ನು ಓದಿದಾಗಿನಿಂದ ರೊಟ್ಟಿಯ ಸುಟ್ಟ ವಾಸನೆ ನನ್ನ ಮೂಗಿನಲ್ಲಿತ್ತು. ಒಂದು ಮಾತಿನಲ್ಲಿ ಕೊಟ್ಟುಬಿಟ್ಟ ಕೂಸು. ಅದೂ ಆ ಪಟ್ಟಿಯದೇ ಒಂದು ಸಾಲಾಗಿದ್ದರೆ, ಅವಳು ಕೊಟ್ಟದ್ದಲ್ಲ, ನಾನು ಅವಳ ಸ್ಥಿತಿಯ ಲಾಭ ತೆಗೆದುಕೊಂಡದ್ದು. ಅಷ್ಟೆಲ್ಲ ಹೇಳಲು ಬಾಯಿ ಬರಲಿಲ್ಲ. ವಿಚಾರ ಮಾಡಿ ಕೊಟ್ಟೆಯೋ ಇಲ್ಲವೋ ಎಂದಷ್ಟೇ ಕೇಳಿದೆ.

ಅವಳ ಕೈ ನಿಂತಿತು. ಆ ಮಧ್ಯಾಹ್ನ ಅದು ನಿಂತದ್ದು ಅದೊಂದೇ ಸಲ.

"ಒಂಬತ್ತು ತಿಂಗಳ ದಿನಾ ವಿಚಾರ ಮಾಡೇನಿ," ಎಂದಳು. "ಬ್ಯಾಡ ಅನಸ್ತಿತ್ತು, ಕೊಡೂಣು ಅನಸ್ತಿತ್ತು. ನನ್ನ ಬಾಳೇದಾಗ ನಡುವ ಬಿಡದ ಮುಗಿಸಿದ್ದು ಅದೊಂದ ಕೆಲಸ ಐತಿ. ಅದನ್ನೂ ರೋಗದ ಲೆಕ್ಕಕ್ಕ ಹಚ್ಚಬ್ಯಾಡ ನೀ."

ನಾನೂ ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಬಿಡಿಸಿದೆ. ಅವಳೇ ಮಾತು ಮುಂದುವರಿಸಿದಳು. ಹೊಸ್ತಿಲು ದಾಟುವಾಗ ತಿರುಗಿ ನೋಡಿದ್ದೆ, ಅವ್ವನಿಗೆ ಕಾಣಲಿಲ್ಲ ಎಂದಳು. ಹತ್ತು ವರ್ಷ ಮಗಳಿಗೆ ಜ್ವರ ಬಂದಾಗಲೆಲ್ಲ ತಾನು ನೋಡಿದ್ದರಿಂದಲೇ ಬಂತು ಎಂದುಕೊಂಡು ಒಪ್ಪತ್ತು ಇರುತ್ತಿದ್ದಳಂತೆ. ನನಗೆ ಅದು ಗೊತ್ತಿರಲಿಲ್ಲ. ಎರಡು ಊರುಗಳಲ್ಲಿ ಕುಳಿತು ನಾವಿಬ್ಬರೂ ಒಂದೇ ಭಯವನ್ನು ಸಾಕಿದ್ದೆವು.

ಮಾರನೆಯ ದಿನ ನಸುಕಿನಲ್ಲೇ, ಮಗಳ ಮಾತ್ರೆಯ ಹೊತ್ತಾಗುವ ಮೊದಲು, ಅವಳು ನನ್ನ ಜೊತೆ ಗದಗಿಗೆ ಬಂದಳು. ಯಜಮಾನರಿಗೆ ಡಬ್ಬಿಯನ್ನು ತೆರೆದು ತೋರಿಸಿದೆ. ಅವರು ನಾಲ್ಕು ಮಾತ್ರೆಗಳನ್ನು ನೋಡಿ, ಶರ್ಟು ಹಾಕಿಕೊಂಡು, ಮಗಳನ್ನು ಕರೆದುಕೊಂಡು ನಮ್ಮ ಜೊತೆ ಆಸ್ಪತ್ರೆಗೆ ಹೊರಟರು. ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ ಮೇಲೆ ಡಾಕ್ಟರು ನಮ್ಮ ಮಾತನ್ನು ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಫಾರಂನಲ್ಲಿ ಒಂದು ಗೆರೆ ಎಳೆದು, ಮೇಲೆ ಹೊಸದಾಗಿ ಬರೆದುಕೊಂಡರು, ಕೈ ಮಾತ್ರ ಅವಸರದಲ್ಲಿತ್ತು. ಈಗಲೇ ಇಸಿಜಿ ಎಂದರು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಆದರೂ ಅಂಥ ಸಾವು ಇದೆ ಎಂದ ಮೇಲೆ ಹೃದಯದ ಡಾಕ್ಟರು ನೋಡಿ, ಎಕೋ ಮಾಡಿಸಿ, ಅವರು ಸರಿ ಎನ್ನುವವರೆಗೆ ಮಾತ್ರೆ ಬೇಡ ಎಂದರು. ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಸಾಧ್ಯವಾದರೆ ಮಗುವಿನ ತಂದೆಗೂ ಪರೀಕ್ಷೆ ಮಾಡಿಸಿ ಎಂದು ಅಕ್ಕನಿಗೆ ಹೇಳಿದರು. ಮಗುವಿನ ತಂದೆ ಎಂದಾಗ ನನ್ನ ಯಜಮಾನರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಸಂಶೋಧನೆಗೂ ಅಕ್ಕ ತಾನೇ ಕೈ ಮುಂದೆ ಮಾಡಿದಳು. ನಳಿಕೆಯಲ್ಲಿ ಉಗುಳುವಾಗ ನಗು ಬಂದು ಎರಡು ಸಲ ಚೆಲ್ಲಿದಳು. ಭಾವ ಇನ್ನೂ ಒಪ್ಪಿಲ್ಲ. ಮಗಳಿಗೆ ಹೇಳುವುದು ನಮ್ಮ ಕೈಯಲ್ಲಿಲ್ಲ, ನಿಮ್ಮದು, ಆದರೆ ಬೇರೆಯವರ ಬಾಯಿಂದ ಕೇಳುವ ಮೊದಲು ಹೇಳಿ ಎಂದು ಡಾಕ್ಟರು ನನ್ನನ್ನು ಪ್ರತ್ಯೇಕ ಕರೆದು ಹೇಳಿದರು.

ಎಕೋದ ದಿನ ಬರುವವರೆಗಿನ ಎರಡು ವಾರಗಳನ್ನು ವಿವರಿಸಲಾರೆ. ದಿನಚರಿಯಲ್ಲಿ ಆ ದಿನಗಳು ಖಾಲಿ ಇವೆ. ಮಗಳು ಓಡಿದರೆ ನಿಲ್ಲು ಎನ್ನುತ್ತಿದ್ದೆ, ಕುಳಿತರೆ ಯಾಕೆ ಕುಳಿತೆ ಎನ್ನುತ್ತಿದ್ದೆ. ಒಮ್ಮೆ ಶಾಲೆಯಿಂದ ಫೋನು ಬಂದಾಗ ಎತ್ತಲು ಆಗದೆ ಪಕ್ಕದ ಮೇಷ್ಟ್ರ ಕೈಗೆ ಕೊಟ್ಟೆ. ಟಿಫಿನ್ ಡಬ್ಬಿ ಮರೆತಿದ್ದಳು, ಅಷ್ಟೇ.

ಹುಬ್ಬಳ್ಳಿಯಲ್ಲಿ ಹೃದಯದ ಡಾಕ್ಟರು ಎಲ್ಲ ಸರಿಯಿದೆ ಎಂದರು, ವರ್ಷಕ್ಕೊಮ್ಮೆ ತೋರಿಸಿ ಎಂದರು. ನನಗೆ ಸಮಾಧಾನವಾಗಬೇಕಿತ್ತು. ವರ್ಷಕ್ಕೊಮ್ಮೆ ಎಂಬ ಮಾತಷ್ಟೇ ಕಿವಿಯಲ್ಲಿ ಉಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕುಳಿತಿದ್ದಳು. ದೊಡ್ಡವ್ವ ಯಾಕೆ ನಳಿಕೆಯಲ್ಲಿ ಉಗುಳಿದಳು ಎಂದು ಕೇಳಿದಳು. ಬಸ್ಸಿನಲ್ಲಿ ಅವಳು ಎದ್ದು ಓಡುವಂತಿರಲಿಲ್ಲ, ನಾನೂ ಓಡುವಂತಿರಲಿಲ್ಲ. ಹೇಳಿದೆ. ಉಡಿಯ ವಿಷಯ, ಅಕ್ಕಿ ಬೆಲ್ಲದ ವಿಷಯ, ಮಣೆಯ ವಿಷಯ, ಯಾರ ಹೊಟ್ಟೆಯಲ್ಲಿ ಇದ್ದಳು ಎಂಬುದು. ದನಿ ನಡುಗದಂತೆ ಹೇಳಿದೆ ಎಂದುಕೊಂಡಿದ್ದೇನೆ. ಅವಳು ಹೊರಗೆ ನೋಡುತ್ತಿದ್ದಳು. ನಾನು ಮುಗಿಸಿದಾಗ ಗಾಜಿನ ಮೇಲೆ ಬೆರಳಿಟ್ಟು, "ಅವ್ವಾ, ಆ ಗಾಳಿಯಂತ್ರ ಒಂದ ತಿರಗವಲ್ದು ನೋಡ," ಎಂದಳು.

ಕೇಳಿಸಿಕೊಂಡಳೋ ಇಲ್ಲವೋ. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿಸಿಕೊಂಡಿಲ್ಲ ಎಂದಾದರೆ ಇನ್ನೊಮ್ಮೆ ಹೇಳಬೇಕು, ಕೇಳಿಸಿಕೊಂಡಿದ್ದಾಳೆ ಎಂದಾದರೆ ಈ ಸುಮ್ಮನಿರುವಿಕೆ ಏನು? ಮೂರು ದಿನ ಅವಳ ಮುಖವನ್ನೇ ಕದ್ದು ಕದ್ದು ನೋಡಿದೆ. ಮೈ ಬಿಸಿಯಿದೆಯೇ ಎಂದು ಹಣೆ ಮುಟ್ಟಿದೆ, ಒಂದು ದಿನಕ್ಕೆ ಎಷ್ಟು ಸಲವೋ. ಅವ್ವನ ಮಾತು ಆ ಬೆರಳುಗಳಲ್ಲಿ ಇತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮೊದಲ ಮಾತ್ರೆ ಕೊಟ್ಟೆ, ಈ ಸಲ ನಿಜವಾಗಿ. ಗಂಟಲಿನಿಂದ ಅದು ಇಳಿಯುವುದನ್ನು ನೋಡುತ್ತಾ ನಿಂತೆ. ಅವಳು ನೀರಿನ ಲೋಟ ಕೆಳಗಿಟ್ಟು, ಒಂದು ಕಾಲಿಗೆ ಸಾಕ್ಸು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

"ಉಡಿಯೊಳಗ ಹಾಕಿದಾಗ ನಾ ಅತ್ತಿದ್ನೇನು?"

ಹೌದು ಎನ್ನಲು ಬಾಯಿ ತೆರೆದೆ. ಹತ್ತು ವರ್ಷದ ಅಭ್ಯಾಸ, ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ಮಣೆ ನೆನಪಿದೆ, ಬೆಲ್ಲದ ವಾಸನೆ ನೆನಪಿದೆ, ಉಡಿಯ ಮೇಲಿನ ಆ ಬಿಸಿ ಭಾರ ನೆನಪಿದೆ. ಅಳು ಇತ್ತೇ?

"ನನಗ ನೆನಪಿಲ್ಲ," ಎಂದೆ.

"ಯಾರಿಗೆ ಗೊತ್ತೈತಿ?"

"ದೊಡ್ಡವ್ವಗ ಗೊತ್ತಿರಬೇಕು. ಹುಟ್ಟಿದ ಕೂಡ್ಲೆ ಅತ್ತಿದ್ದಿಯೋ ಇಲ್ಲೋ ಅದೂ ಆಕಿಗೇ ಗೊತ್ತು."

ಅವಳು ನನ್ನ ಫೋನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ಸಾಕ್ಸು ನೆಲದ ಮೇಲೆ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ಬಾಗಿಲ ಒಳಗೇ ನಿಂತೆ. ಅಡರಕಟ್ಟಿಯಲ್ಲಿ ಫೋನು ರಿಂಗಾಗುವುದು ಕೇಳುತ್ತಿತ್ತು. ಅಕ್ಕ ಅದನ್ನು ಎಲ್ಲಿಟ್ಟು ಮರೆತಿದ್ದಾಳೋ. ಎತ್ತಲಿ ಎಂದು ಬೇಡಿಕೊಳ್ಳುತ್ತಿದ್ದೆನೋ, ಎತ್ತದಿರಲಿ ಎಂದೋ, ಈಗ ಬರೆಯುವಾಗಲೂ ಖಚಿತವಾಗಿ ಹೇಳಲಾರೆ. ಮಗಳು ಒಂದು ಬರಿಗಾಲನ್ನು ಇನ್ನೊಂದರ ಮೇಲಿಟ್ಟುಕೊಂಡು, ಅಲುಗಾಡದೆ, ಕಾಯುತ್ತಿದ್ದಳು.